ಚಿಪ್ಸ್ ಪ್ಯಾಕೆಟ್ ಬಿಚ್ಚಿ ನೋಡಿ

ಭಾನುವಾರ ಸಂಜೆ ಪ್ರವಾಸಿಗರೆಲ್ಲ ಬೆಂಗಳೂರಿಗೆ ವಾಪಸ್ ಹೋದ ಮೇಲೆ ಗೇಟಿನ ಮುಂದೆ ಬಿದ್ದ ಚಿಪ್ಸ್ ಪ್ಯಾಕೆಟ್ ಹೆಕ್ಕುವುದು ನನ್ನ ಕೆಲಸ. ಮಡಿಕೇರಿ ರಸ್ತೆ ಬದಿ ತೋಟ ಇದ್ದವರಿಗೆ ಕಾಫಿ, ಕರಿಮೆಣಸು ಬಿಟ್ಟರೆ ಇದೇ ಮೂರನೇ ಬೆಳೆ. ಈಚೆಗೆ ಒಂದೊಂದಕ್ಕೂ ಬೆರಳು ಹಾಕಿ ನೋಡುತ್ತೇನೆ. ನ್ಯೂಯಾರ್ಕಿನಿಂದ ಕಲಿತದ್ದು. ಆಗ ಅಲ್ಲಿ ಮೇಯರ್ ಆಗಿದ್ದ ಎರಿಕ್ ಆಡಮ್ಸ್ ಅವರ ಮಾಜಿ ಸಲಹೆಗಾರ್ತಿ ವರದಿಗಾರ್ತಿಯ ಕೈಗೆ ಚಿಪ್ಸ್ ಪ್ಯಾಕೆಟ್ ಕೊಟ್ಟರಲ್ಲ, ಒಳಗೆ ಕೆಂಪು ಲಕೋಟೆ, ಅದರಲ್ಲಿ ಡಾಲರ್ ನೋಟು! ನನಗೆ ಇದುವರೆಗೆ ಸಿಕ್ಕಿದ್ದು ಇರುವೆ, ಮಳೆನೀರು, ಒಂದು ಸಲ ಜಿಗಣೆ.

ಆಡಮ್ಸ್ ಸಾಮಾನ್ಯರಲ್ಲ. 22 ವರ್ಷ ಪೊಲೀಸ್, ಕ್ಯಾಪ್ಟನ್ ಆಗಿ ನಿವೃತ್ತಿ, ಆಮೇಲೆ ನ್ಯೂಯಾರ್ಕ್ ರಾಜ್ಯದ ಸೆನೆಟರ್, 2022ರಲ್ಲಿ ಮೇಯರ್. 2023ರಲ್ಲಿ ಎಫ್‌ಬಿಐನವರು ಫೋನ್ ಕೇಳಿದರೆ, ಹಿಂದಿನ ದಿನವಷ್ಟೇ ಪಾಸ್‌ವರ್ಡ್ ಬದಲಿಸಿದ್ದೆ, ಈಗ ಮರೆತುಹೋಗಿದೆ ಅಂದರಂತೆ. ಆಮೇಲೆ ಬಿದ್ದ ಲಂಚದ ಕೇಸಿನ ಆರೋಪಪಟ್ಟಿಯಲ್ಲೇ ಇದೆ. ಪಕ್ಕದ ತೋಟದ ನಿವೃತ್ತ ಹೆಡ್ ಕಾನ್‌ಸ್ಟೇಬಲ್‌ಗೆ ಓದಿ ಹೇಳಿದೆ. "ಅಲ್ಲ ಮಾರಾಯ, ಇದು ನಾವು ಹಿಡಿದವರು ಹೇಳ್ತಿದ್ದ ಮಾತಲ್ವಾ? 22 ವರ್ಷ ಕೇಳಿ ಕೇಳಿ ಬಾಯಿಪಾಠ ಆಗಿರ್ಬೇಕು" ಅಂದರು.

ಅದೇ ಆರೋಪಪಟ್ಟಿಯ ಪ್ರಕಾರ ಟರ್ಕಿಯ ವಿಮಾನದಲ್ಲಿ ಅವರಿಗೆ ದುಬಾರಿ ಸೀಟು ಪುಕ್ಕಟೆಯೋ ಅಗ್ಗಕ್ಕೋ ಸಿಗುತ್ತಿತ್ತು. ಫ್ರಾನ್ಸಿಗೆ ಹೊರಟರೂ ಮೊದಲು ಇಸ್ತಾಂಬುಲ್. ಮಡಿಕೇರಿಯಿಂದ ಕುಶಾಲನಗರಕ್ಕೆ ಮಂಗಳೂರು ಮೇಲೆ ಹೋದ ಹಾಗೆ.

ನನಗೆ ಇಷ್ಟ ಆದದ್ದು ಮಾತ್ರ ಇಲಿ ಪುರಾಣ. ಮೇಯರ್ ಆಗುವ ಮೊದಲೇ, 2019ರಲ್ಲಿ, ಪತ್ರಕರ್ತರನ್ನು ಕರೆದು ಇಲಿಗಳನ್ನು ಮುಳುಗಿಸಿ ಕೊಲ್ಲುವ ಯಂತ್ರ ತೋರಿಸಿದ್ದರು, ಸತ್ತ ಇಲಿಗಳ ಸಮೇತ. ಮೇಯರ್ ಆದ ಮೇಲೆ ಇಲಿಗೇ ಅಂತ ಒಬ್ಬ ಅಧಿಕಾರಿ. ಅಷ್ಟರಲ್ಲಿ ಬ್ರೂಕ್ಲಿನ್‌ನ ಅವರದೇ ಮನೆಗೆ ಇಲಿ ಕಾಟಕ್ಕೆ ದಂಡ ಬಿತ್ತು! ನಮ್ಮಲ್ಲಿ ರಾತ್ರಿ ತೋಟಕ್ಕೆ ಬರುವುದು ಆನೆ. ಅವರನ್ನು ಇಲ್ಲಿಗೆ ಕರೆಸಬಹುದಿತ್ತು. ಬಕೆಟ್ ಸ್ವಲ್ಪ ದೊಡ್ಡದು ಬೇಕು, ಅಷ್ಟೇ.

ನಗು ಸಾಕು. 2024ರ ಸೆಪ್ಟೆಂಬರ್‌ನಲ್ಲಿ ಲಂಚದ ಕೇಸು ಬಿತ್ತು, ಅವರು ತಪ್ಪೇ ಮಾಡಿಲ್ಲ ಅಂದರು. ಸರಿ, ವಿಚಾರಣೆ ಆಗಲಿ ಅಂದುಕೊಂಡರೆ ಟ್ರಂಪ್ ಸರ್ಕಾರದ ನ್ಯಾಯ ಇಲಾಖೆಯೇ ಕೇಸು ಬಿಡಿ ಅಂತು. ವಲಸಿಗರ ವಿಷಯದಲ್ಲಿ ನೆರವಾಗಬೇಕಾದ ಮೇಯರ್‌ಗೆ ಕೇಸು ಅಡ್ಡಿಯಂತೆ. 2025ರ ಏಪ್ರಿಲ್‌ನಲ್ಲಿ ನ್ಯಾಯಾಧೀಶರು ಇದು ಚೌಕಾಸಿಯ ಹಾಗೆ ಕಾಣುತ್ತದೆ ಅಂತ ಬರೆದೇ ಕೇಸು ವಜಾ ಮಾಡಿದರು. ಇನ್ನು ಅದನ್ನು ಮತ್ತೆ ಹಾಕುವ ಹಾಗೂ ಇಲ್ಲ. ಹೆಲ್ಮೆಟ್ ಹಾಕದೆ ಸಿಕ್ಕಿಬಿದ್ದ ಹುಡುಗನಿಗೆ ಯಾವ ಇಲಾಖೆಯಾದರೂ ಇಷ್ಟು ಮರುಗಿದ್ದು ಉಂಟಾ? ಅವನು ಕಟ್ಟುತ್ತಾನೆ, ರಸೀದಿ ತಗೊಂಡು ಹೋಗುತ್ತಾನೆ. ಬೇಜಾರಾಗುತ್ತದೆ, ಬೇರೇನಿಲ್ಲ.

ಆಡಮ್ಸ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮೇಯರ್ ಚುನಾವಣಾ ಕಣದಿಂದ ಹಿಂದೆ ಸರಿದರು. ನಾನು ಈ ಭಾನುವಾರವೂ ಹದಿನಾಲ್ಕು ಪ್ಯಾಕೆಟ್ ಬಿಚ್ಚಿದೆ, ಎಲ್ಲ ಖಾಲಿ. ಬೆಂಗಳೂರಿಗೆ 2020ರ ಸೆಪ್ಟೆಂಬರ್ ಆದ ಮೇಲೆ ಐದು ವರ್ಷ ಮೇಯರೇ ಇರಲಿಲ್ಲವಲ್ಲ, ಅದಕ್ಕೇ ಇರಬೇಕು.