ಬೇಲಿಗಿಂತ ಮೊದಲು ಗೋಕಟ್ಟೆ

ನ್ಯೂಜಿಲೆಂಡಿನ ವೈಕಾಟೊ ಪ್ರಾಂತ್ಯದಲ್ಲಿ ನೆಲೆಸಿರುವ ನನಗೆ, ಇಲ್ಲಿನ ಹುಲ್ಲುಗಾವಲುಗಳ ನಡುವಿನ ತೊರೆಗಳ ದಂಡೆಯುದ್ದಕ್ಕೂ ಎಳೆದಿರುವ ತಂತಿಬೇಲಿಯನ್ನು ಕಂಡಾಗಲೆಲ್ಲ ಹಿರಿಯೂರು ತಾಲ್ಲೂಕಿನ ನಮ್ಮೂರ ಹಳ್ಳ ನೆನಪಾಗುತ್ತದೆ. 2020ರಲ್ಲಿ ಇಲ್ಲಿ ಬಂದ ನಿಯಮದಂತೆ, 1 ಮೀಟರಿಗಿಂತ ಅಗಲವಾದ ತೊರೆಗಳಿಂದ ಹೈನುರಾಸುಗಳನ್ನು ದೂರವಿಡಬೇಕು; ಹೊಸ ಬೇಲಿ ದಂಡೆಯಿಂದ 3 ಮೀಟರ್ ಹಿಂದಿರಬೇಕು. ಕುರಿಗಳಿಗೆ ಇದು ಅನ್ವಯಿಸುವುದಿಲ್ಲ. ಗೊರಸಿನ ತುಳಿತಕ್ಕೆ ದಂಡೆ ಕುಸಿದು ಮಣ್ಣೂ ಸಗಣಿಯೂ ನೀರು ಸೇರುವುದನ್ನು ತಡೆಯುವುದು ಇದರ ಉದ್ದೇಶ.

ನಮ್ಮ ಹಳ್ಳ ವರ್ಷದ ಬಹುಪಾಲು ಬತ್ತಿರುತ್ತದೆ. ಬೇಸಿಗೆಯುದ್ದಕ್ಕೂ ದನಕುರಿಗಳು ಒಂದೇ ಇಳಿಜಾರಿನಲ್ಲಿ ಇಳಿದು ಹತ್ತಿ ಕೆಮ್ಮಣ್ಣನ್ನು ಹಿಟ್ಟಿನಂತೆ ಪುಡಿ ಮಾಡಿರುತ್ತವೆ. ಮೊದಲ ಬಿರುಮಳೆ ಅದನ್ನು ಒಂದೇ ದಿನದಲ್ಲಿ ಕೊಚ್ಚಿಕೊಂಡು ಹೋಗುತ್ತದೆ. ಮರುವರ್ಷ ಆ ಜಾಡೇ ಕೊರಕಲಾಗಿ ಪಕ್ಕದ ಹೊಲದ ಬದುವನ್ನು ಕಡಿಯುತ್ತದೆ. ನಮ್ಮ ತಂದೆಯವರ ಶೇಂಗಾ ಹೊಲದ ಒಂದು ಮೂಲೆ ಹೋದದ್ದು ಹೀಗೆಯೇ. ಆ ಮಣ್ಣು ಕೆಳಗಿನ ಕೆರೆಯಲ್ಲಿ ಹೂಳಾಯಿತು, ಮುಂದೆ ಅದೇ ಹೂಳನ್ನು ಗೋಡುಮಣ್ಣೆಂದು ಟ್ರ್ಯಾಕ್ಟರಿಗೆ ಬಾಡಿಗೆ ಕೊಟ್ಟು ಹೊಲಕ್ಕೆ ಹೊಡೆಸಿಕೊಂಡೆವು.

ಹಾಗೆಂದು ನಮ್ಮಲ್ಲಿಯೂ ತಂತಿ ಎಳೆಯಿರಿ ಎಂದು ನಾನು ಹೇಳಲಾರೆ. ಇಲ್ಲಿ ಸಾಮಾನ್ಯವಾಗಿ ನೆಲವೂ ಹಿಂಡೂ ಒಬ್ಬನೇ ರೈತನ ಸ್ವತ್ತು. ನಮ್ಮಲ್ಲಿ ದನ ಮೇಯುವುದು ಊರ ಗೋಮಾಳದಲ್ಲಿ, ಕೊಯ್ಲಿನ ನಂತರ ಎಲ್ಲರ ಹೊಲದಲ್ಲಿ. ಗೊಬ್ಬರಕ್ಕಾಗಿ ಕುರಿಮಂದೆಯನ್ನು ಕರೆದು ಹೊಲದಲ್ಲಿ ನಿಲ್ಲಿಸಿಕೊಳ್ಳುವ ರೈತನೇ ಆ ಮಂದೆಗೆ ನೀರಿನ ದಾರಿ ಮುಚ್ಚುವುದು ನ್ಯಾಯವಲ್ಲ.

ಇಲ್ಲಿ ಬೇಲಿಯ ಜೊತೆಗೆ ಕೊಳವೆಯೂ ಬಂದಿದೆ, ಮೇಯುವ ಜಾಗದಲ್ಲಿಯೇ ನೀರಿನ ತೊಟ್ಟಿ ಇದೆ. ಎದುರಿಗೇ ನೀರಿರುವ ಹಸು ತೊರೆಯತ್ತ ಅಷ್ಟಾಗಿ ಹೋಗುವುದಿಲ್ಲ. ನಮ್ಮ ಹಿರಿಯರು ಗೋಮಾಳಗಳಲ್ಲಿ ಕಟ್ಟಿಸಿದ ಗೋಕಟ್ಟೆಗಳ, ಅಂದರೆ ದನಗಳು ನೀರು ಕುಡಿಯುವ ಕಟ್ಟೆಗಳ, ಕೆಲಸವೂ ಇದೇ ಆಗಿತ್ತು. ನಮ್ಮೂರಿನದು ಹೂಳು ತುಂಬಿ, ಬಳ್ಳಾರಿ ಜಾಲಿ ಬೆಳೆದು ಕಾಣದಂತಾಗಿದೆ. ಪಂಚಾಯಿತಿಯವರು ಉದ್ಯೋಗ ಖಾತರಿ ಕೂಲಿಯಲ್ಲಿ ಮೊದಲು ಅದರ ಹೂಳೆತ್ತಿಸಲಿ. ಬಳಿಕ ಹಳ್ಳದ ದಂಡೆಗೆ ಕತ್ತಾಳೆ, ಹೊಂಗೆ ನೆಡಿಸಿ, ದನ ಇಳಿಯಲು ಒಂದು ಕಡೆ ಕಲ್ಲು ಹಾಸಿಸಲಿ. ಆ ಜಾಗವನ್ನು ಕುರಿಗಾಹಿಗಳನ್ನು ಕೇಳಿಯೇ ಗುರುತಿಸಬೇಕು. ನಮ್ಮ ಹಳ್ಳದಲ್ಲಿ ಹಳೆಯ ಹೊಂಗೆಮರದ ಬುಡದ ಹಾಸುಬಂಡೆಯ ಮೇಲೆ ದನಗಳು ಈಗಲೂ ತಾವಾಗಿಯೇ ಇಳಿಯುತ್ತವೆ, ಅಲ್ಲಿ ಮಾತ್ರ ದಂಡೆ ಕುಸಿದಿಲ್ಲ.