ಒದ್ದೆ ಕೈಯವರ ಪರವಾಗಿ

ಮಾಗಿ ಚಳಿಯಲ್ಲಿ ಮೈಸೂರಿನವರು ಬೆಳಗ್ಗೆ ಒಂಬತ್ತಾದ್ರೂ ಸ್ವೆಟರ್ ಬಿಚ್ಚೋದಿಲ್ಲ. ಆ ಚಳಿಯಲ್ಲೂ ಅಂಗೈಯಿಂದ ನೀರು ತೊಟ್ಟಿಕ್ಕೋ ಜನ ನಮ್ಮ ನಡುವೆ ಇದ್ದಾರೆ. ನಾನೂ ಒಬ್ಬಳು. ಸೆಕೆಗೆ ಬೆವರೋದು ಬೇರೆ, ಇದು ಬೇರೆ ಅಂತ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಒಂದೇ ಸಲ ಉದ್ದಕ್ಕೆ ಬರೀತಿದ್ದೀನಿ.

ನಮ್ಮ ಮಂಡ್ಯ ಕಡೆ ಯಾವ ಕಾಯಿಲೆಗೂ ಮೊದಲ ತೀರ್ಪು 'ದೇಹ ಉಷ್ಣ ಆಗಿದೆ'. ನೆತ್ತಿಗೆ ಹರಳೆಣ್ಣೆ ಇಡು, ಮಜ್ಜಿಗೆ ಕುಡಿ, ಮದ್ದೂರಲ್ಲಿ ರಾಶಿ ರಾಶಿ ಎಳನೀರು ಬಿದ್ದಿರುತ್ತೆ, ದಿನಾ ಒಂದು ಕುಡಿ. ಕುಡಿದಿದ್ದೀನಿ. ಹೊಟ್ಟೆಗೆ ತಂಪು, ಕೈಗೆ ಏನೂ ಇಲ್ಲ. ಎರಡನೇ ತೀರ್ಪು ಇನ್ನೂ ಕೆಟ್ಟದ್ದು: 'ಹೆದರುಪುಕ್ಕಲು, ಅದಕ್ಕೇ ಬೆವರ್ತಾಳೆ.' ಈ ಮಾತಿಗೆ ನನ್ನ ತಕರಾರಿದೆ. ಹೆದರಿ ಬೆವರೋದಲ್ಲ ಸ್ವಾಮಿ, ಬೆವರು ಬಂತಲ್ಲ, ಯಾರಾದ್ರೂ ನೋಡಿಬಿಡ್ತಾರಲ್ಲ ಅಂತ ಹೆದರೋದು. ಹಾಗೆ ಹೆದರಿದ ಮೇಲೆ ಬೆವರು ಇನ್ನಷ್ಟು ಕಿತ್ತುಕೊಂಡು ಬರುತ್ತೆ, ಅದು ನಿಜ. ಆದರೆ ಶುರುವಾಗೋದು ಅಲ್ಲಿಂದಲ್ಲ.

ಶುರುವಾಗೋದು ನರದಿಂದ. ನಮ್ಮ ಮೈಯಲ್ಲಿ ಇಪ್ಪತ್ತರಿಂದ ನಲವತ್ತು ಲಕ್ಷ ಬೆವರಿನ ಗ್ರಂಥಿಗಳಿವೆ, ಅಂಗೈ ಅಂಗಾಲಲ್ಲಿ ತೀರಾ ದಟ್ಟವಾಗಿ. ಅವಕ್ಕೆ 'ಸುರಿಸು' ಅಂತ ಅಪ್ಪಣೆ ಕೊಡೋದು ಸಿಂಪಥೆಟಿಕ್ ನರ. ನಮ್ಮಂಥವರಲ್ಲಿ ಗ್ರಂಥಿಗಳ ಸಂಖ್ಯೆ ಹೆಚ್ಚಿಲ್ಲ, ಅಪ್ಪಣೆ ಹೆಚ್ಚು. ಡಾಕ್ಟರುಗಳು ಇದನ್ನ ಪ್ರೈಮರಿ ಹೈಪರ್‌ಹೈಡ್ರೋಸಿಸ್ ಅಂತಾರೆ. ಚಿಕ್ಕ ವಯಸ್ಸಲ್ಲೋ ಹರೆಯದಲ್ಲೋ ಶುರುವಾಗುತ್ತೆ, ಎರಡೂ ಕೈಗೆ ಸಮವಾಗಿ ಬರುತ್ತೆ, ನಿದ್ದೆ ಹತ್ತಿದ ಮೇಲೆ ನಿಂತುಬಿಡುತ್ತೆ. ಎಷ್ಟೋ ಸಲ ವಂಶದಲ್ಲೇ ಇರುತ್ತೆ.

ನಮ್ಮ ಮನೆಯಲ್ಲಿ ಅಮ್ಮನಿಗಿದೆ. ಬೇಸಿಗೆಯಲ್ಲಿ ಉಪ್ಪಿನಕಾಯಿ ಹಾಕೋ ದಿನ ಓರಗಿತ್ತಿಯರೆಲ್ಲ ನಡುಮನೆಯಲ್ಲಿ ಮಾವಿನಕಾಯಿ ಹೆಚ್ಚುತ್ತಾ ಕೂತರೆ ಅಮ್ಮನಿಗೆ ಮಾತ್ರ ಒಲೆ ಮುಂದಿನ ಕೆಲಸ. 'ಅವಳ ಕೈ ಒದ್ದೆ, ಜಾಡಿ ಪೂರಾ ಬೂಷ್ಟು ಹಿಡಿಯುತ್ತೆ.' ಯಾರೂ ಬೈದು ಹೇಳ್ತಿರಲಿಲ್ಲ, ನಗ್ತಾನೇ ಹೇಳ್ತಿದ್ರು. ಉಪ್ಪು ಖಾರ ಬೆರೆಸೋವಾಗಂತೂ ಜಾಡಿ ಹತ್ತಿರಕ್ಕೇ ಬಿಡ್ತಿರಲಿಲ್ಲ. ಮರದ ಸೌಟು ಅನ್ನೋದೊಂದು ಮನೆಯಲ್ಲಿತ್ತು, ಅದು ಯಾರಿಗೂ ಹೊಳೀಲಿಲ್ಲ! ಇದೊಂದು ಕಾಯಿಲೆ, ಇದಕ್ಕೆ ಡಾಕ್ಟರ ಹತ್ತಿರ ಹೋಗಬಹುದು ಅನ್ನೋದು ಅಮ್ಮನಿಗಂತೂ ಕನಸಲ್ಲೂ ಬಂದಿರಲಿಲ್ಲ.

ನನ್ನ ಪಾಲಿಗೆ ಬಂದದ್ದು ಪರೀಕ್ಷೆ ಹಾಲ್. ಉತ್ತರ ಪತ್ರಿಕೆ ಮೇಲೆ ಕೈಯಿಟ್ಟರೆ ಕಾಗದ ಮೆತ್ತಗಾಗಿ ಅಲೆಅಲೆಯಾಗಿ ಏಳುತ್ತೆ, ಶಾಯಿ ಹರಡುತ್ತೆ, ಮಾರ್ಜಿನ್ ಗೆರೆ ಹೋಗಿ ಕಿರುಬೆರಳಿಗೆ ಅಂಟುತ್ತೆ. ಅದಕ್ಕೆ ಕೈ ಕೆಳಗೆ ಕರ್ಚೀಫು ಮಡಿಸಿಟ್ಟುಕೊಂಡು ಬರೀತಿದ್ದೆ. ಮೇಲ್ವಿಚಾರಕರಿಗೆ ಕರ್ಚೀಫು ಕಂಡರೆ ಚೀಟಿ ಕಂಡ ಹಾಗೆ. ಬಿಡಿಸಿ, ಕೊಡವಿ, ಬೆಳಕಿಗೆ ಹಿಡಿದು ನೋಡಿ, ಒದ್ದೆಯಾಗಿದೆ ಅಂತ ಗೊತ್ತಾದ ಕೂಡಲೇ ಎರಡು ಬೆರಳಲ್ಲಿ ಹಿಡಿದು ವಾಪಸ್ ಕೊಡ್ತಿದ್ರು. ಸಿಇಟಿಯಲ್ಲಿ ಓಎಂಆರ್ ಶೀಟು ಬೇರೆ! ಸುತ್ತಲಿನವರು ಪ್ರಶ್ನೆಗೆ ತಲೆ ಕೆಡಿಸಿಕೊಂಡಿದ್ರೆ ನಾನು ಶೀಟು ಒದ್ದೆಯಾಗಬಾರದು ಅಂತ ಮೊಣಕೈ ಎತ್ತಿ ಹಿಡಿದು ಗುಂಡಿ ತುಂಬುತ್ತಿದ್ದೆ. ಇವತ್ತಿಗೂ ಹೀಗೆ ಬರೆಯೋ ಮಕ್ಕಳಿದ್ದಾರೆ. ಮೇಷ್ಟ್ರುಗಳೇ, ದಯವಿಟ್ಟು ಒಂದು ಬ್ಲಾಟಿಂಗ್ ಪೇಪರ್ ಕೊಡಿ, ಮಗುವಿನ ಮುಖ ನೋಡಿ ನಗಬೇಡಿ.

ಈಗ ಮದ್ದಿನ ವಿಷಯ. ಅಂಗಡಿಯಲ್ಲಿ ಸಿಗೋ ಡಿಯೋಡರೆಂಟ್‌ಗಳಲ್ಲಿ ಬಹುಪಾಲು ಬರೀ ಸೆಂಟು, ಬೆವರು ನಿಲ್ಲಿಸೋದಿಲ್ಲ. ನಿಲ್ಲಿಸೋದು ಆಂಟಿಪರ್ಸ್ಪಿರಂಟ್, ಅದರಲ್ಲಿ ಅಲ್ಯೂಮಿನಿಯಂ ಲವಣ ಇರುತ್ತೆ. ಡಾಕ್ಟರು ಸಾಮಾನ್ಯವಾಗಿ ಮೊದಲು ಬರೆದುಕೊಡೋದು ಅಲ್ಯೂಮಿನಿಯಂ ಕ್ಲೋರೈಡ್, ಹೆಚ್ಚಾಗಿ ನೂರಕ್ಕೆ 20ರ ದ್ರಾವಣ. ಇದು ಬೆವರಿನ ನಾಳದ ಬಾಯಿಗೆ ಬಿರಡೆ ಹಾಕುತ್ತೆ. ಜನ ಇದನ್ನ ಬೆಳಗ್ಗೆ ಸ್ನಾನ ಮಾಡಿ ಹಸಿ ಮೈಗೆ ಬಳಿದುಕೊಂಡು, 'ಉರಿ, ಕಡಿತ, ಪ್ರಯೋಜನ ಇಲ್ಲ' ಅಂತ ಬಾಟಲಿ ಎಸೀತಾರೆ. ನೀರು ತಾಗಿದರೆ ಅದರಿಂದ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತೆ, ಉರಿಯದೆ ಇನ್ನೇನಾದೀತು? ಹಚ್ಚಬೇಕಾದ್ದು ರಾತ್ರಿ ಮಲಗೋವಾಗ, ಪೂರ್ತಿ ಒಣಗಿದ ಚರ್ಮಕ್ಕೆ. ಬೆಳಗ್ಗೆ ತೊಳೀಬೇಕು. ಹತೋಟಿಗೆ ಬಂದ ಮೇಲೆ ವಾರಕ್ಕೊಮ್ಮೆ ಸಾಕಾಗಬಹುದು. ಕಂಕುಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತೆ. ಅಂಗೈ ಚರ್ಮ ದಪ್ಪ, ಅಲ್ಲಿ ಅಷ್ಟಕ್ಕಷ್ಟೆ.

ಅಂಗೈ ಅಂಗಾಲಿಗೆ ನನಗೆ ಇಷ್ಟವಾದ ಚಿಕಿತ್ಸೆ ಅಯಾಂಟೊಫೊರೆಸಿಸ್. ಹೆಸರು ಕೇಳಿ ಗಾಬರಿಯಾಗಬೇಡಿ. ಎರಡು ತಟ್ಟೆ ನಲ್ಲಿ ನೀರು, ಅದರಲ್ಲಿ ಕೈಯಿಟ್ಟು ಇಪ್ಪತ್ತು ಮೂವತ್ತು ನಿಮಿಷ ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸ್ತಾರೆ. ಜುಮುಜುಮು ಅನ್ನುತ್ತೆ ಅಷ್ಟೆ. ಮೊದಮೊದಲು ವಾರಕ್ಕೆ ಮೂರ್ನಾಲ್ಕು ಸಲ, ಆಮೇಲೆ ಅಂತರ ಹೆಚ್ಚುತ್ತಾ ಹೋಗುತ್ತೆ. ಬಿಟ್ಟರೆ ಬೆವರು ವಾಪಸ್. ಬಸುರಿಯರಿಗೆ, ಪೇಸ್‌ಮೇಕರ್ ಇರೋರಿಗೆ, ಮೈಯೊಳಗೆ ಲೋಹದ ರಾಡು ಹಾಕಿಸಿಕೊಂಡವರಿಗೆ ಮಾಡೋದಿಲ್ಲ. ಇದರಲ್ಲೊಂದು ತಮಾಷೆ ಇದೆ. ಲವಣ ಕಡಿಮೆ ಇರೋ ನೀರಲ್ಲಿ ವಿದ್ಯುತ್ ಸರಿಯಾಗಿ ಹರಿಯೋದಿಲ್ಲ, ಆಗ ಚಿಟಿಕೆ ಅಡುಗೆ ಸೋಡಾ ಹಾಕ್ತಾರೆ. ಗಡಸು ನೀರಾದರೆ ಆ ಕಷ್ಟವೇ ಇಲ್ಲ. ಬೇಳೆ ಬೇಯಿಸದ, ಸೋಪಿನ ನೊರೆ ಬರಿಸದ ನಮ್ಮೂರ ಬೋರ್‌ವೆಲ್ ನೀರಿಗೆ ಕೊನೆಗೂ ಒಂದು ಮರ್ಯಾದೆ!

ಗ್ಲೈಕೊಪಿರೊಲೇಟ್, ಆಕ್ಸಿಬ್ಯುಟಿನಿನ್ ಅನ್ನೋ ಮಾತ್ರೆಗಳಿವೆ. ಕೆಲಸ ಮಾಡ್ತವೆ, ಜೊತೆಗೆ ಬಾಯಿ ಒಣಗಿಸ್ತವೆ, ಮಲ ಕಟ್ಟಿಸ್ತವೆ. ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇರೋರು, ಮೂತ್ರ ಕಟ್ಟೋ ತೊಂದರೆ ಇರೋರು ಡಾಕ್ಟರಿಗೆ ಮೊದಲೇ ಹೇಳಬೇಕು. ಇಡೀ ಮೈಯ ಬೆವರು ತಗ್ಗೋದರಿಂದ ಏಪ್ರಿಲ್ ಬಿಸಿಲಲ್ಲಿ ಗದ್ದೆ ಕೆಲಸ ಮಾಡೋರಿಗೆ ಇದು ಅಪಾಯ. ಮೆಡಿಕಲ್ ಸ್ಟೋರಲ್ಲಿ ಕೇಳಿ ತಗೊಳ್ಳೋ ಮಾತ್ರೆ ಅಲ್ಲವೇ ಅಲ್ಲ. ಬೊಟಾಕ್ಸ್ ಇಂಜೆಕ್ಷನ್ನನ್ನ ಕಂಕುಳ ಬೆವರಿಗೆ ಅಮೆರಿಕ ಒಪ್ಪಿದ್ದು 2004ರಲ್ಲಿ. ಕೆಲವು ತಿಂಗಳು ಆರಾಮ, ಆಮೇಲೆ ಮತ್ತೆ ಚುಚ್ಚಿಸಬೇಕು. ದುಬಾರಿ. ಅಂಗೈಗಾದರೆ ನೋವೂ ಹೆಚ್ಚು, ಸ್ವಲ್ಪ ದಿನ ಹಿಡಿತ ಸಡಿಲ ಆಗಬಹುದು.

ಆಪರೇಷನ್ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ. ಎದೆಯೊಳಗೆ ದುರ್ಬೀನು ಬಿಟ್ಟು ಬೆವರಿಗೆ ಅಪ್ಪಣೆ ಕೊಡೋ ಆ ಸಿಂಪಥೆಟಿಕ್ ನರವನ್ನೇ ಕತ್ತರಿಸೋದು ಅಥವಾ ಕ್ಲಿಪ್ ಹಾಕೋದು. ಕೈ ಆವತ್ತೇ ಒಣಗುತ್ತೆ, ಅದರಲ್ಲಿ ಸುಳ್ಳಿಲ್ಲ. ಆದರೆ ಬಹಳ ಜನಕ್ಕೆ ಬೆನ್ನು, ಹೊಟ್ಟೆ, ತೊಡೆಯಲ್ಲಿ ಹೊಸದಾಗಿ ಬೆವರು ಕಿತ್ತುಕೊಳ್ಳುತ್ತೆ, ಕತ್ತರಿಸಿದ ನರ ಮತ್ತೆ ಕೂಡಿಸೋದು ಆಗದ ಮಾತು. 'ಧಾರೆಯಲ್ಲಿ ಹುಡುಗ ಕೈ ಹಿಡಿದಾಗ ಏನಂದುಕೊಳ್ತಾನೆ' ಅಂತ ಇಪ್ಪತ್ತರ ಹುಡುಗಿಯನ್ನ ಆಪರೇಷನ್ ಥಿಯೇಟರಿಗೆ ಕಳಿಸೋ ತಂದೆತಾಯಿಗಳಿದ್ದರೆ, ಅವರು ಮೊದಲು ಹುಡುಗನ್ನ ಬದಲಾಯಿಸಲಿ. ಉಳಿದದ್ದೆಲ್ಲ ಮಾಡಿ ನೋಡಿ, ಬದುಕೇ ಕಷ್ಟ ಅನ್ನಿಸಿದವರು, ಇದನ್ನೆಲ್ಲ ತಿಳಿದೂ ಮಾಡಿಸಿಕೊಂಡರೆ ಅದು ಅವರವರ ಇಷ್ಟ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಇಷ್ಟೂ ಹೇಳಿದ್ದು ಚಿಕ್ಕಂದಿನಿಂದ ಬಂದ ಕೈಕಾಲಿನ ಬೆವರಿಗೆ. ನಡುವಯಸ್ಸಲ್ಲಿ ಇದ್ದಕ್ಕಿದ್ದಂತೆ ಇಡೀ ಮೈ ಬೆವರೋಕೆ ಶುರುವಾದರೆ ಅದು ಬೇರೆ ಕಥೆ. ಎದೆ ಡವಡವ, ತೂಕ ಇಳಿತ ಜೊತೆಗಿದ್ದರೆ ಥೈರಾಯ್ಡ್ ನೋಡಿಸಿ. ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ಜ್ವರ, ಬಿಡದ ಕೆಮ್ಮು ಇದ್ದರೆ ಕ್ಷಯ ಇದೆಯೇ ಅಂತ ಕಫ ಪರೀಕ್ಷೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರಿಗೆ ದಿಢೀರ್ ತಣ್ಣನೆ ಬೆವರು ಬಂದರೆ ಶುಗರ್ ತೀರಾ ಇಳಿದಿರಬಹುದು, ಮೊದಲು ಬಾಯಿಗೆ ಸಕ್ಕರೆ. ಎದೆನೋವಿನ ಜೊತೆ ಬೆವರು ಬಂದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ಮೈಸೂರಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ.

ಕೈಬೆವರಿಗೆ ಎಲ್ಲಿಗೆ ಹೋಗೋದು ಅನ್ನೋರಿಗೆ: ಮೈಸೂರಾದರೆ ಕೆ.ಆರ್. ಆಸ್ಪತ್ರೆ, ಮಂಡ್ಯ ಆದರೆ ಮಿಮ್ಸ್, ಚರ್ಮರೋಗ ವಿಭಾಗದ ಹೊರರೋಗಿ ಚೀಟಿ ಮಾಡಿಸಿ. ಬ್ಯೂಟಿ ಪಾರ್ಲರ್ ಕೆಲಸ ಇದಲ್ಲ.

ಇನ್ನೊಂದು, ಇದಕ್ಕೆ ಮದ್ದು ನಮ್ಮ ಕೈಯಲ್ಲಿಲ್ಲ. ರೇಷನ್ ಅಂಗಡಿಯ ಬೆರಳಚ್ಚು ಯಂತ್ರ. ಒದ್ದೆ ಬೆರಳನ್ನ ಅದು ಗುರುತಿಸೋದಿಲ್ಲ. ಅಮ್ಮನನ್ನ ಪಕ್ಕಕ್ಕೆ ನಿಲ್ಲಿಸಿ, 'ಒಣಗಿಸಿಕೊಂಡು ಬಾರಮ್ಮ' ಅಂತ ಕಳಿಸಿದ್ದುಂಟು. ಗಾಳಿಗೆ ಕೈಯೊಡ್ಡಿ ನಿಂತಷ್ಟೂ ಸಾಲಲ್ಲಿರೋರ ಕಣ್ಣು ಬೀಳುತ್ತೆ, ಕೈ ಇನ್ನಷ್ಟು ಒದ್ದೆಯಾಗುತ್ತೆ. ಬೆರಳಚ್ಚು ಕೂಡಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಪಡಿತರ ನಿರಾಕರಿಸಬಾರದು ಅಂತ ಆಧಾರ್ ಪ್ರಾಧಿಕಾರ 2017ರ ಅಕ್ಟೋಬರಿನಲ್ಲೇ ಸುತ್ತೋಲೆ ಹೊರಡಿಸಿದೆ. ಹೆಬ್ಬೆರಳೇ ಆಗಬೇಕು ಅಂತಿಲ್ಲ, ಹತ್ತರಲ್ಲಿ ಯಾವ ಬೆರಳಾದರೂ ಇಡಬಹುದು. ಅಮ್ಮ ಈಗ ಸೆರಗಲ್ಲಿ ಒರೆಸಿ ಉಂಗುರದ ಬೆರಳು ಇಡ್ತಾರೆ. ಅದೂ ಕೂಡದಿದ್ದರೆ ಸಾಲು ಬಿಟ್ಟು ಕದಲದೆ ಒಟಿಪಿ ಕೇಳ್ತಾರೆ. ನಿಮ್ಮೂರಲ್ಲಿ ಆಗೋದಿಲ್ಲ ಅಂದರೆ 1967ಕ್ಕೆ ಫೋನ್ ಮಾಡಿ, ಇಲ್ಲವೇ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಬರೆದು ಕೊಡಿ, ಸ್ವೀಕೃತಿ ತಗೊಳ್ಳೋದು ಮರೀಬೇಡಿ.