ತಾತನ ಉರ್ದು ಸಹಿ

ಅಮೆರಿಕದ ಲೇಖಕ ಸ್ಯಾಲಿಂಜರ್‌ನ ‘ದಿ ಕ್ಯಾಚರ್ ಇನ್ ದಿ ರೈ’ ಕಾದಂಬರಿ ಮತ್ತೆ ಓದಿ ಮುಗಿಸಿದೆ. ಅದರಲ್ಲಿ ಕಥೆ ಹೇಳೋ ಹೋಲ್ಡನ್ ಅನ್ನೋ ಹುಡುಗ ಎಂಥಾ ತಲೆನೋವು ಅಂತೀರಿ! ಕಂಡೋರ ಮೇಲೆಲ್ಲ ಸಿಡುಕು, ಬಾಯಿ ಬಿಟ್ರೆ ಸುಳ್ಳು. ಮೇಲಾಗಿ ಶ್ರೀಮಂತರ ಮಗ. ಶಾಲೆಯಿಂದ ಹೊರಗೆ ಹಾಕಿದ್ರೆ ಮನೆಗೆ ಹೇಳದೆ ನ್ಯೂಯಾರ್ಕಿನಲ್ಲಿ ಹೋಟೆಲ್ ರೂಮು ಹಿಡೀತಾನೆ. ರಾಯಚೂರಿನ ಬಿಸಿಲಲ್ಲಿ ಬೆಳೆದ ನನಗೂ ಅವನಿಗೂ ಎತ್ತಣಿಂದೆತ್ತ ಸಂಬಂಧ?

ಇದೆ. ಮನೆಗೆ ಹೇಳದೆ ನಾನೂ ತಿರುಗಿದ್ದೇನೆ.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾಲ್ಕು ವಿಷಯ ಢಮಾರ್. ಪ್ರೋಗ್ರೆಸ್ ಕಾರ್ಡಿಗೆ ತಾತನ ಸಹಿ ಬೇಕು. ತಾತ ನಿಜಾಮರ ಕಾಲದಲ್ಲಿ ಉರ್ದು ಓದಿದವರು, ಸಹಿಯೂ ಉರ್ದುವಿನಲ್ಲೇ. ಹಳೇ ಕಾಗದ ಮುಂದಿಟ್ಟುಕೊಂಡು ನಾನೇ ಗೀಚಿದೆ. ಬಲದಿಂದ ಎಡಕ್ಕೆ ಹರಿಯಬೇಕಾದ್ದನ್ನ ಎಡದಿಂದ ಎಳೆದಿದ್ದೆ. ಅಕ್ಷರ ಹೊಟ್ಟೆನೋವು ಬಂದೋರ ಹಾಗೆ ಮುದುಡಿತ್ತು. ಅದನ್ನ ಮಾಸ್ತರ ಕೈಗೆ ಕೊಡೋ ಧೈರ್ಯ ಬರಲಿಲ್ಲ. ಚೀಲ ಹೊತ್ತು ದಿನಾ ಸ್ಟೇಷನ್ನು. ಪ್ಲಾಟ್‌ಫಾರಂನ ಕೊನೆ ಬೆಂಚು, ಗುಂತಕಲ್ ಕಡೆ ಹೋಗೋ ಗಾಡಿ ಎಣಿಸೋದು, ಮಧ್ಯಾಹ್ನ ಜೋಳದ ರೊಟ್ಟಿ, ಶೇಂಗಾ ಹಿಂಡಿ, ನಾಲ್ಕೂವರೆಗೆ ಮನೆ. ಹೀಗೆ 11 ದಿನ.

ಇಂಥ ಪುಸ್ತಕ ಹುಡುಗರನ್ನ ಕೆಡಿಸ್ತಾವೆ ಅನ್ನೋರಿದ್ದಾರೆ. ದೊಡ್ಡವರ ಸೋಗು ಬಯಲು ಮಾಡ್ತಾನಲ್ಲ, ಅದಕ್ಕೇ ಹರೆಯದವರಿಗೆ ಹೋಲ್ಡನ್ ಇಷ್ಟ ಅನ್ನೋರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ನನ್ನನ್ನ ಹಿಡಿದು ಕೂರಿಸಿದ್ದು ಒಂದೇ ಜಾಗ. ಹೋಲ್ಡನ್‌ನ ತಮ್ಮ ಆಲಿ ರಕ್ತದ ಕ್ಯಾನ್ಸರಿನಿಂದ ಸತ್ತ ರಾತ್ರಿ ಇವನು ಗ್ಯಾರೇಜಿನ ಕಿಟಕಿ ಗಾಜೆಲ್ಲ ಬರಿಗೈಲಿ ಗುದ್ದಿ ಒಡೀತಾನೆ. ಆಗ ಅವನಿಗೆ 13. ಅವತ್ತಿಂದ ಮುಷ್ಟಿ ಗಟ್ಟಿಯಾಗಿ ಕಟ್ಟೋಕಾಗಲ್ಲ, ಮಳೆ ಬಂದ್ರೆ ಕೈ ನೋಯುತ್ತೆ. ಬೇರೇನೋ ಹೇಳ್ತಾ ಹೇಳ್ತಾ ಈ ಮಾತನ್ನ ದಾಟಿಸಿಬಿಡ್ತಾನೆ. ಅವನ ಸಿಡುಕೆಲ್ಲ ಆ ಗಾಜಿನ ಚೂರೇ. ಸುತ್ತಲಿನೋರು ಕೇಳೋದು ಮಾತ್ರ ಮಾರ್ಕ್ಸು. ನಮ್ಮ ಮನೆಗೆ ಮಾತಾಡಿಸೋಕೆ ಬಂದ ನೆಂಟರೂ ಅದನ್ನೇ ಕೇಳಿದ್ದು.

1951ರಲ್ಲಿ ಪುಸ್ತಕ ಬಂದಾಗ ಸ್ಯಾಲಿಂಜರ್‌ಗೆ 32. ಫ್ರಾನ್ಸಿನ ನಾರ್ಮಂಡಿ ದಂಡೆಯಲ್ಲಿ ಇಳಿದು ಎರಡನೇ ಮಹಾಯುದ್ಧ ಕಂಡು ಬಂದ ಸೈನಿಕ. ಹುಡುಗನ ಬಾಯಲ್ಲಿ ಮಾತಾಡ್ತಿರೋದು ಹೆಣ ನೋಡಿ ಬಂದ ಗಂಡಸು ಅಂತಲೇ ನನಗನಿಸೋದು. ಇಲ್ಲಾಂದ್ರೆ ಐವತ್ತರ ಹತ್ತಿರ ಬಂದ ನನಗೆ ಇದು ಯಾಕೆ ತಾಕಬೇಕು?

ಒಂದು ಮಾತ್ರ ಚುಚ್ಚುತ್ತೆ. ಅಪ್ಪ ಸತ್ತದ್ದು ನಮ್ಮಕ್ಕನಿಗೂ. ಅವಳು ಯಾವ ಬೆಂಚಿಗೆ ಹೋಗಬೇಕಿತ್ತು? ನಾನು ಸ್ಟೇಷನ್ನಿನಲ್ಲಿ ಬಿಚ್ಚಿ ತಿಂತಿದ್ದ ರೊಟ್ಟಿ ಬಡಿದದ್ದು ಅವಳೇ.

ಕಾದಂಬರಿಯ ಕೊನೆಕೊನೆಗೆ ಹೋಲ್ಡನ್ ಊರು ಬಿಡೋಕೆ ಹೊರಟಾಗ ಪುಟ್ಟ ತಂಗಿ ಫೀಬಿ ಸೂಟ್‌ಕೇಸು ಎಳಕೊಂಡು ಬರ್ತಾಳೆ, ನಾನೂ ಬರ್ತೀನಿ ಅಂತ. ಅಲ್ಲಿ ಪುಸ್ತಕ ಮುಚ್ಚಿಟ್ಟು ಎದ್ದುಹೋದೆ.

12ನೇ ದಿನ ನನ್ನ ಬೆಂಚಿನ ಮೇಲೆ ತಾತ ಮೊದಲೇ ಬಂದು ಕೂತಿದ್ರು. ಯಾರು ಹೇಳಿದ್ರೋ. ಬೈಲಿಲ್ಲ. ಎರಡು ಚಹಾ ತರಿಸಿ ಬಸಿಗೆ ಸುರುವಿಕೊಂಡು ಕುಡಿದ್ರು. ಕಾರ್ಡು ತೆಗೆ ಅಂದ್ರು. ಕನ್ನಡಕ ಏರಿಸಿ ನನ್ನ ಗೀಚು ನೋಡಿ, “ಇದು ಯಾರ ಹೆಸರಲೇ?” ಅಂದ್ರು. ಅದರ ಪಕ್ಕದಲ್ಲಿ ನಿಧಾನಕ್ಕೆ, ಬಲದಿಂದ ಎಡಕ್ಕೆ, ಸಹಿ ಹಾಕಿದ್ರು.

ಆಮೇಲೆ ಕೇಳಿದ್ರು: “ದಿನಕ್ಕ ಎಷ್ಟು ಗಾಡಿ ಬರ್ತಾವಲೇ ಇಲ್ಲಿ?”